ಅಕ್ಕಾ ಅಂದವನ ಬಿಎಸ್‌ಎ

ಅವನು ನನ್ನನ್ನು ಮೊಟ್ಟಮೊದಲು ಕರೆದದ್ದೇ "ಅಕ್ಕಾ" ಎಂದು.

ಅದಕ್ಕೆ ಎರಡು ಸೆಕೆಂಡ್ ಮೊದಲು ಏನಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಆಗಸ್ಟ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಶೆಡ್ಡಿನಲ್ಲಿ ಲೇತ್ ಎದುರು ನಿಂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಹೆಗಲ ಮೇಲೆ ಅಕ್ಕಿ ಮೂಟೆ ಹೊತ್ತ ಒಬ್ಬ ಹುಡುಗ. ಹುಡುಗ ಎಂದರೆ ಮೂವತ್ತರ ಆಸುಪಾಸಿನವನು. ಬಿಳಿ ಶರ್ಟಿನ ತೋಳು ಮಡಿಸಿದ್ದ, ಹುಬ್ಬಿನ ಮೇಲೆ ಚೂರು ಹೊಟ್ಟು ಅಂಟಿತ್ತು, ಮೂಟೆಯ ಭಾರಕ್ಕೆ ತಲೆ ಒಂದು ಕಡೆ ವಾಲಿತ್ತು. ಚೆನ್ನಾಗಿದಾನಲ್ಲ ಎಂದು ನನ್ನ ಮನಸ್ಸು ತಡವರಿಸದೆ ಹೇಳಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ಇಷ್ಟು ಬೇಗ ಯಾರಿಗೂ ಸರ್ಟಿಫಿಕೇಟ್ ಕೊಟ್ಟದ್ದಿಲ್ಲ.

"ಅಕ್ಕಾ, ಆಂಜಿನಯ್ಯನೋರ ಶೆಡ್ ಇದೇನಾ?"

ಈ ಊರಲ್ಲಿ ಅಕ್ಕಾ ಎನ್ನುವುದು ಮರ್ಯಾದೆ. ಹೂವಿನವಳೂ ಅಕ್ಕ, ಬಸ್ಸಿನ ಕಂಡಕ್ಟರಮ್ಮನೂ ಅಕ್ಕ. ಎಲ್ಲ ಗೊತ್ತು. ಗೊತ್ತಿದ್ದೂ ಮೈ ಉರಿಯಿತು.

"ಹೌದು ತಮ್ಮಾ," ಎಂದೆ. "ಒಳಗೆ ಬಾಪ್ಪ. ಮೂಟೆ ಇಳ್ಸು."

ಅವನು ನನಗಿಂತ ಎರಡು ವರ್ಷ ದೊಡ್ಡವನು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೂಟೆಯಲ್ಲಿ ಅಕ್ಕಿ ಇರಲಿಲ್ಲ, ತುಕ್ಕು ಹಿಡಿದ ಒಂದು ಎಂಜಿನ್ ಇತ್ತು. ಹೊರಗೆ ಗೂಡ್ಸ್ ಆಟೋದಲ್ಲಿ ಇನ್ನೂ ಎರಡು ಮೂಟೆ ಬಿಡಿಭಾಗ, ಒಂದು ಚಾಸಿ, ಎರಡು ಚಕ್ರ, ಮುಚ್ಚಳವಿಲ್ಲದ ಪೆಟ್ರೋಲ್ ಟ್ಯಾಂಕ್.

"ಬಿಎಸ್‌ಎ," ಎಂದ. "ಐವತ್ತೆರಡನೇ ಇಸ್ವಿ ಇಂಗ್ಲೆಂಡ್ ಬೈಕು. ನಮ್ಮ ತಾತ ಓಡಿಸ್ತಿದ್ರು. ಅಕ್ಕಿಪೇಟೇಲಿ ನಮ್ದು ಅಕ್ಕಿ ಮಂಡಿ. ತಾತಂಗೆ ಈಗ ಮಂಡಿ ನೋವು, ಹಂಗಾಗಿ ಮಂಡಿಗೂ ಬರಲ್ಲ, ಗಾಡೀನೂ ಓಡಿಸಲ್ಲ. ಅಟ್ಟದ ಮೇಲೆ ಬಿದ್ದಿತ್ತು. ಏಳೆಂಟು ಮೆಕ್ಯಾನಿಕ್‌ಗಳ ಹತ್ರ ತೋರಿಸ್ದೆ ಅಕ್ಕಾ. ಸ್ಪ್ಯಾನರೇ ಕೂರಲ್ಲ ಅಂತಾರೆ."

ಕೂರುವುದಿಲ್ಲ, ನಿಜ. ಈಗಿನ ಸ್ಪ್ಯಾನರುಗಳೆಲ್ಲ ಮಿಲಿಮೀಟರ್ ಲೆಕ್ಕದವು. ಆ ಕಾಲದ ಇಂಗ್ಲಿಷ್ ಗಾಡಿಗಳ ಬೋಲ್ಟಿನ ಅಳತೆಯೇ ಬೇರೆ, ವಿಟ್‌ವರ್ತ್ ಎನ್ನುತ್ತಾರೆ. ಆದರೆ ಬಿನ್ನಿಪೇಟೆಯ ಮಿಲ್ಲಿನ ಹಳೆಯ ಮಗ್ಗಗಳೂ ಇಂಗ್ಲೆಂಡಿನವೇ. ನಮ್ಮಪ್ಪ ಅಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ ಮುಚ್ಚಿದಾಗ ಹರಾಜಿನಲ್ಲಿ ಮಿಕ್ಕವರು ಫ್ಯಾನು, ಕುರ್ಚಿ ಹಿಡಿದು ಮನೆಗೆ ಹೋದರೆ, ಅಪ್ಪ ಒಂದು ಪೆಟ್ಟಿಗೆ ವಿಟ್‌ವರ್ತ್ ಸ್ಪ್ಯಾನರ್ ತಂದರು. ಅದಕ್ಕಾಗಿ ಅಮ್ಮ ಒಂದು ವಾರ ಮಾತು ಬಿಟ್ಟಿದ್ದಳಂತೆ.

ಅಪ್ಪನ ಕಿವಿಯನ್ನು ಮಗ್ಗದ ಸದ್ದು ತಿಂದುಹಾಕಿದೆ. ಈಚೆಗೆ ಕೈಯೂ ಸಣ್ಣಗೆ ನಡುಗುತ್ತದೆ. ನಾನು ವಾರವಿಡೀ ಪೀಣ್ಯದ ಟೂಲ್ ರೂಮೊಂದರಲ್ಲಿ ಕಂಪ್ಯೂಟರ್ ಹೇಳಿದಂತೆ ಕೇಳುವ ಮೆಷಿನ್‌ಗಳನ್ನು ಕಾಯುತ್ತೇನೆ. ಶನಿವಾರ ಭಾನುವಾರ ಈ ಶೆಡ್ಡು. ಅಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಾರೆ, ನಾನು ಮಾಡುತ್ತೇನೆ.

ಅಪ್ಪ ಎಂಜಿನ್ನನ್ನು ಮೂರು ಸುತ್ತು ನೋಡಿದರು.

"ಗಾಡಿ ಬಿಟ್ಟು ಹೋಗಿ, ಆದ್ಮೇಲೆ ಬಂದು ತಗೊಂಡೋಗ್ತೀನಿ ಅಂದ್ರೆ ನಾವು ಮಾಡಲ್ಲ," ಎಂದರು. "ಪ್ರತಿ ಶನಿವಾರ ನೀವೂ ಬಂದು ಕೈ ಹಾಕ್ಬೇಕು. ಓಡಿಸೋನಿಗೆ ತನ್ನ ಗಾಡಿ ಬೋಲ್ಟ್ ಗೊತ್ತಿರ್ಬೇಕು. ಹೆಸರೇನು?"

"ಮಹಾನಂದ."

"ಆಂ?"

"ಮಹಾನಂದ," ಎಂದು ಅವನು ಗಂಟಲೆತ್ತಿ ಹೇಳಿದ. ಎದುರು ಮನೆಯ ಪಿಳ್ಳಮ್ಮ ಕಿಟಕಿಗೆ ಬಂದು ನೋಡಿದಳು. ಅವನ ಕಿವಿ ಕೆಂಪಾಯಿತು. ಈ ಮನುಷ್ಯನಿಗೆ ನಾಚಿಕೆಯೆಲ್ಲ ಕಿವಿಯಲ್ಲೇ ಇದೆ ಎಂಬುದನ್ನು ನಾನು ಅವತ್ತೇ ಗುರುತು ಹಾಕಿಕೊಂಡೆ.

*

ಎರಡನೇ ಶನಿವಾರ ಅಮ್ಮ ಅವನನ್ನು ಊಟಕ್ಕೆ ಕರೆದಳು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನಮ್ಮ ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅವನ್ನು ನೋಡಿದೊಡನೆ ಹೊಟ್ಟೆ ತುಂಬಿದೆ ಎಂದವರು ಈ ಮನೆಗೆ ಬಂದು ಹೋಗಿದ್ದಾರೆ. ಮಹಾನಂದ ಪಟ ನೋಡಿದ, ಕೈ ತೊಳೆದ, ಕೂತ. ಸೊಪ್ಪಿನ ಸಾರಲ್ಲಿ ಮೂರು ಮುದ್ದೆ ನುಂಗಿದ.

"ಅಕ್ಕನ ಕೈ ಗಾಡೀಲಿ, ಅಮ್ಮನ ಕೈ ಸಾರಲ್ಲಿ," ಎಂದ. ಅಮ್ಮ ಹನುಮಕ್ಕ ಕರಗಿಹೋದಳು. ನನ್ನ ಮಗಳು ವಿಶಾಖಾಗೆ ಒಬ್ಬ ತಮ್ಮ ಇಲ್ಲ ಎಂದು ಕೊರಗುತ್ತಿದ್ದೆ, ದೇವರು ಕಳಿಸಿದ ಎಂದು ಪಿಳ್ಳಮ್ಮನಿಗೂ ಹೇಳಿ ಬಂದಳು.

ಹಾಗೆ ಆ ಮಾತು ಗಟ್ಟಿಯಾಯಿತು. ಅದರಿಂದ ಆದ ಅನುಕೂಲವೂ ಸಣ್ಣದಲ್ಲ. ಬೇರೆ ಯಾವ ಗಂಡಸಾದರೂ ಪ್ರತಿ ಶನಿವಾರ ಬಂದು ನನ್ನ ಜೊತೆ ಸಂಜೆಯವರೆಗೆ ಶೆಡ್ಡಿನಲ್ಲಿ ಕೂತಿದ್ದರೆ ನಮ್ಮ ಬೀದಿ ಸುಮ್ಮನಿರುತ್ತಿರಲಿಲ್ಲ. ಪಿಳ್ಳಮ್ಮ ಬಗ್ಗಿ ನೋಡುವಳು, "ಅಕ್ಕಾ, ಆ ಸ್ಪ್ಯಾನರ್ ಕೊಡಿ" ಎಂಬುದು ಕಿವಿಗೆ ಬೀಳುವುದು, ಸಪ್ಪೆ ಮುಖ ಮಾಡಿಕೊಂಡು ಒಳಗೆ ಹೋಗುವಳು.

ನನ್ನ ಕಷ್ಟ ಶುರುವಾದದ್ದು ಇಲ್ಲೇ. ಅವನು ಅಕ್ಕಾ ಎನ್ನುವವರೆಗೆ ಬರಬಹುದು. ಅನ್ನುವುದನ್ನು ಬಿಟ್ಟರೆ ಬರುವ ಹಾಗಿಲ್ಲ. ನನಗೆ ಎರಡೂ ಬೇಕಿತ್ತು, ಅವನು ಬರಬೇಕು, ಆ ಹಾಳು ಮಾತು ಹೋಗಬೇಕು.

ಅವನಿಗೆ ಏನು ಬೇಕಿತ್ತೋ ಗೊತ್ತಾಗುತ್ತಿರಲಿಲ್ಲ. ನಾನು ಧಾರಾಳವಾಗಿ ನೀನು ಎನ್ನುತ್ತಿದ್ದೆ, ಅವನು ನೀವು ಬಿಟ್ಟು ಕೆಳಗಿಳಿಯುತ್ತಿರಲಿಲ್ಲ.

ಒಂದು ದಿನ ಟ್ಯಾಂಕನ್ನು ಬೋರಲು ಹಾಕಿ ಅಲ್ಲಾಡಿಸಿದೆವು. ಸರಸರ ಎಂದು ಅರ್ಧ ಸೇರು ಅಕ್ಕಿ ಉದುರಿತು. ಅಟ್ಟದ ಇಲಿಗಳು ಅದನ್ನು ಕಣಜ ಮಾಡಿಕೊಂಡಿದ್ದವು. ಮಹಾನಂದ ನಾಲ್ಕು ಕಾಳು ಅಂಗೈಯಲ್ಲಿಟ್ಟು ಉಜ್ಜಿದ.

"ರಾಜಮುಡಿ," ಎಂದ.

"ಇಲಿ ಹೇಳ್ತಾ ನಿಂಗೆ?"

"ನೋಡಿ, ಈ ಕೆಂಪು. ಬೇರೆ ಅಕ್ಕಿಗೆ ಬರಲ್ಲ." ಅಂಗೈಯನ್ನು ನನ್ನ ಮುಖದ ಹತ್ತಿರ ಹಿಡಿದ. ನಾನು ಅಕ್ಕಿ ನೋಡಿದೆ. ಅವನು ಅಕ್ಕಿ ನೋಡುತ್ತಿರಲಿಲ್ಲ. ನಾನು ತಲೆ ಎತ್ತಿದ ತಕ್ಷಣ ಅವನ ಕಣ್ಣು ಟ್ಯಾಂಕಿನ ಕಡೆ ಓಡಿತು, ಕಿವಿ ಮಾತ್ರ ಸಿಕ್ಕಿಬಿತ್ತು.

"ಮಹಾನಂದ ಅಂದ್ರೆ ದೊಡ್ಡ ಸಂತೋಷ ಅಲ್ವಾ?" ಎಂದು ಕೇಳಿದೆ. "ಮುಖದಲ್ಲಿ ಕಾಣಲ್ವಲ್ಲ ತಮ್ಮಾ."

"ಒಳಗಡೆ ಇದೆ ಅಕ್ಕಾ."

"ಹೊರಗೆ ಬಿಡೋದು ಯಾವಾಗ?"

"ಗಾಡಿ ಸ್ಟಾರ್ಟ್ ಆದ್ಮೇಲೆ."

ಪಿಸ್ಟನ್ನನ್ನು ಸಿಲಿಂಡರಿನೊಳಗೆ ಇಳಿಸುವಾಗ ನಾಲ್ಕು ಕೈ ಬೇಕು. ಇಬ್ಬರು ಉಂಗುರಗಳನ್ನು ಬೆರಳಿನಿಂದ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಟ್ಟಿಗೆ ಜಾರಿಸಬೇಕು. ಒಬ್ಬರು ಆತುರಪಟ್ಟರೆ ಉಂಗುರ ಮುರಿಯುತ್ತದೆ. ನಾವು ಅದನ್ನು ಎರಡು ಶನಿವಾರ ಮಾಡಿದೆವು. ಮೊದಲನೇ ಶನಿವಾರವೇ ಸರಿಯಾಗಿ ಕೂತಿತ್ತು. ಆದರೂ ಉಂಗುರದ ಗ್ಯಾಪ್ ಇನ್ನೊಮ್ಮೆ ಚೆಕ್ ಮಾಡಬೇಕು ಎಂದು ನಾನೇ ಬಿಚ್ಚಿಸಿದೆ. ಅಪ್ಪ ಸ್ಟೂಲಿನಿಂದ ನೋಡುತ್ತಿದ್ದರು.

ಅವನ ಬೆರಳು ನನ್ನ ಬೆರಳಿನ ಮೇಲೆ ಕೂತಿತ್ತು. ಎಣ್ಣೆಯಲ್ಲಿ ಜಾರುತ್ತಿತ್ತು, ಅವನು ಮತ್ತೆ ತಂದು ಇಡುತ್ತಿದ್ದ.

"ಒತ್ತಲಾ ಅಕ್ಕಾ?"

"ಮೆಲ್ಲಗೆ ಒತ್ತು ತಮ್ಮಾ."

ನಮ್ಮಿಬ್ಬರ ಬಾಯಿಗೂ ಬೆಂಕಿ ಬೀಳಲಿ ಎಂದುಕೊಂಡೆ.

*

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಲು ನಿಂತೆವು. ಕಪ್ಪು ಬಣ್ಣ ಬಳಿದಿದ್ದೆವು, ಹೊಸ ಸೀಟು ಬಂದಿತ್ತು. ಇದನ್ನು ಎಬ್ಬಿಸುವುದಕ್ಕೆ ಒಂದು ಕ್ರಮವಿದೆ. ಕಾರ್ಬೊರೇಟರಿನ ಗುಂಡಿ ಒತ್ತಿ ಬೆರಳಿಗೆ ಪೆಟ್ರೋಲ್ ತಾಗುವವರೆಗೆ ಕಾಯಬೇಕು. ಹ್ಯಾಂಡಲ್ ಮೇಲಿನ ಸಣ್ಣ ಲಿವರನ್ನು ಹಿಂದಕ್ಕೆ ತಳ್ಳಬೇಕು. ಆಮೇಲೆ ಕಿಕ್ಕರ್ ಒದೆಯಬೇಕು. ಲಿವರ್ ಮರೆತರೆ ಎಂಜಿನ್ ತಿರುಗಿ ನಮ್ಮನ್ನೇ ಒದೆಯುತ್ತದೆ.

ಇದೆಲ್ಲ ಹತ್ತು ಸಲ ಹೇಳಿಕೊಟ್ಟಿದ್ದೆ. ಅವತ್ತು ನಾನು ಖಾಕಿ ಶರ್ಟ್ ಬಿಟ್ಟು ಹಸಿರು ಚೂಡಿದಾರ್ ಹಾಕಿಕೊಂಡಿದ್ದೆ. ಅವನು ನನ್ನ ಕಡೆ ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ, ಲಿವರ್ ಮರೆತು ಒದೆದ.

ಪಟ್ಟೆಂದು ಸದ್ದಾಯಿತು. ಕಿಕ್ಕರ್ ಮೇಲೆ ಚಿಮ್ಮಿ ಅವನನ್ನು ಎತ್ತಿ ಹಿಂದಕ್ಕೆ ಎಸೆಯಿತು. ಅವನ ತಲೆ ಬೆಂಚಿಗೆ ಬಿಗಿದ ವೈಸ್ ಎಂಬ ಕಬ್ಬಿಣದ ಇಕ್ಕಳಕ್ಕೆ ಒಂದು ಗೇಣು ತಪ್ಪಿ ಹೋಯಿತು.

"ನಂದಾ," ಎಂದು ನಾನು ಕೂಗಿದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಓಡಿ ಹೋಗಿ ಅವನ ತಲೆ ಹಿಡಿದುಕೊಂಡೆ. ತಲೆಗೇನೂ ಆಗಿರಲಿಲ್ಲ, ಪಾದದ ಗಂಟು ಊದಿತ್ತು. ಖಾಲಿ ಗೋಣಿಚೀಲಗಳ ಮೇಲೆ ಬಿದ್ದಿದ್ದವನು ನೋವು ಮರೆತು ನನ್ನ ಮುಖ ನೋಡಿದ.

"ಏನಂದ್ರಿ?"

"ಏನಿಲ್ಲ. ಲಿವರ್ ಅಂದೆ."

"ಲಿವರ್ ಅನ್ಲಿಲ್ಲ."

"ಮತ್ತೆ ಕಿವಿ ನೆಟ್ಟಗಿದ್ರೆ ಯಾಕೆ ಕೇಳ್ತೀಯ?"

ಅವನು ನಕ್ಕ. ನಾಲ್ಕು ತಿಂಗಳು ಒಳಗಿಟ್ಟುಕೊಂಡಿದ್ದ ಸಂತೋಷವೆಲ್ಲ ಗಾಡಿ ಸ್ಟಾರ್ಟ್ ಆಗುವ ಮೊದಲೇ ಹೊರಗೆ ಬಂದಿತ್ತು. ನನಗೆ ಏನು ಮಾಡಬೇಕೆಂದು ತೋಚದೆ ಎದ್ದು ಹೋಗಿ, ಲಿವರ್ ತಳ್ಳಿ, ನಾನೇ ಒದೆದೆ. ಮೂರನೇ ಒದೆತಕ್ಕೆ ಬಿಎಸ್‌ಎ ಕೆಮ್ಮಿತು, ಆಮೇಲೆ ಡುಗ್ ಡುಗ್ ಎಂದು ನಿಧಾನವಾಗಿ ಉಸಿರಾಡತೊಡಗಿತು. ಅಪ್ಪ ಎದ್ದು ಬಂದು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ತಮ್ಮ ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಂಡು ಕಣ್ಣುಮುಚ್ಚಿ ಕೇಳಿದರು.

"ಟಪೆಟ್ ಒಂದೆಳೆ ಬಿಗಿ ಮಾಡು. ಮಿಕ್ಕಿದ್ದು ಸರಿಯಾಗಿದೆ," ಎಂದರು.

ಸಂಜೆ ಅಮ್ಮ ಅವರೇಕಾಯಿ ಸುಲಿಯುತ್ತ ನನ್ನನ್ನು ಪಕ್ಕಕ್ಕೆ ಕರೆದಳು.

"ತಮ್ಮನ್ನ ಹೆಸರಿಟ್ಟು ಕೂಗೋದು ತಪ್ಪಲ್ಲ," ಎಂದಳು. "ಆದ್ರೆ ಹಂಗೆ ಕೂಗಲ್ಲ ಯಾರೂ."

ನಾನು ಕಾಯಿ ಸುಲಿದೆ.

"ಹುಡುಗ ಒಳ್ಳೇವ್ನು. ನಮ್ಮನೇಲಿ ತಿಂತಾನೆ, ಸರಿ. ಅವರ ಮನೇವ್ರು ನಮ್ಮ ಕೈ ನೀರು ಕುಡೀತಾರಾ? ಅದನ್ನ ಯೋಚ್ನೆ ಮಾಡಿದೀಯಾ? ಅಕ್ಕ ಅನ್ನೋ ಮಾತು ಆಡಿದೋನು ಅವನು. ವಾಪಸ್ ತಗೊಳ್ಳೋದಾದ್ರೆ ಅವರ ಮನೇಲಿ ಹೇಳಿ, ಹಗಲು ಹೊತ್ತಲ್ಲಿ, ಎಲ್ರ ಎದುರಿಗೆ ಬಂದು ತಗೋಬೇಕು. ಆ ಧೈರ್ಯ ಇಲ್ದಿದ್ರೆ ನೀನು ಅಕ್ಕನಾಗೇ ಇರು ಮಗಳೇ. ಅದ್ರಲ್ಲಿ ಅವಮಾನ ಇಲ್ಲ."

ಅಮ್ಮ ಗದರಿದ್ದರೆ ಜಗಳವಾಡಬಹುದಿತ್ತು. ಮೆಲ್ಲಗೆ ಹೇಳಿದಳು. ಹಾಗಾಗಿ ಅವರೇಕಾಳೆಲ್ಲ ಮಂಜುಮಂಜಾಗಿ ಕಂಡವು.

*

ಜನವರಿ ಎರಡನೇ ಶನಿವಾರ ಅವನು ಗಾಡಿ ತೆಗೆದುಕೊಂಡು ಹೋಗಲು ಬಂದ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಆರತಿ ಎತ್ತುವವಳಂತಲ್ಲ, ಆರ್‌ಟಿಓ ಆಫೀಸಿನವಳಂತೆ ಮುಖ ಮಾಡಿಕೊಂಡು ನಿಯಮ ಹೇಳಿದೆ.

"ಇದ್ರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಿನ್ನ ಸ್ಕೂಟರ್, ಬೈಕ್ ಅಭ್ಯಾಸ ಎಲ್ಲ ಮರ್ತುಬಿಡ್ಬೇಕು. ಇನ್ನೂರು ಕಿಲೋಮೀಟರ್ ಆದ್ಮೇಲೆ ವಾಪಸ್ ತರ್ಬೇಕು. ಹೊಸದಾಗಿ ಕಟ್ಟಿದ ಎಂಜಿನ್, ಹೆಡ್ ಬೋಲ್ಟ್ ಇನ್ನೊಂದ್ಸಲ ಬಿಗಿ ಮಾಡ್ಬೇಕು."

"ಇನ್ನೂರೇನಾ? ನೂರಾದ್ಮೇಲೆ ಬಂದ್ರೆ?"

"ಬೋಲ್ಟಿಗೆ ಲೆಕ್ಕ ಗೊತ್ತಾಗುತ್ತೆ."

ಅವನು ಗಾಡಿ ಹತ್ತಿದ. ಅಪ್ಪನಿಗೆ ಕೈಮುಗಿದ, ಅಮ್ಮನಿಗೆ ಕೈಮುಗಿದ, ನನ್ನ ಕಡೆ ತಿರುಗಿದ.

"ಬರ್ತೀನಿ," ಎಂ‌ದ. ಮಾತು ಅಲ್ಲಿಗೇ ನಿಂತಿತು. ಐದು ತಿಂಗಳಲ್ಲಿ ಮೊದಲ ಸಲ ಅದರ ಹಿಂದೆ ಅಕ್ಕಾ ಇರಲಿಲ್ಲ. ಹೇಳಲು ಮರೆತನೋ, ಹೇಳಬಾರದು ಎಂದು ಬಿಟ್ಟನೋ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು.

ಅಕ್ಕಿಪೇಟೆ ನಮ್ಮ ಮನೆಯಿಂದ ಕೂಗಳತೆ. ಅವನು ದಿನಾ ಮಂಡಿಗೂ ತನ್ನ ಮನೆಗೂ ಓಡಾಡಿದರೆ ಇನ್ನೂರು ಕಿಲೋಮೀಟರ್ ಆಗಲು ಎರಡು ತಿಂಗಳು ಬೇಕು ಎಂದು ಲೆಕ್ಕ ಹಾಕಿ ಕೂತೆ. ಮಾರನೇ ದಿನ ಶೆಡ್ಡು ಗುಡಿಸುವಾಗ ಅಪ್ಪ ಸ್ಟೂಲಿನ ಮೇಲೆ ಇದ್ದರು.

"ಬೇಜಾರಾ?"

"ಇಲ್ಲ."

"ಸುಳ್ಳು." ಅಪ್ಪ ನಕ್ಕರು. "ಆ ಹುಡುಗ ನಿಂಗೆ ಏನಂತ ಕರೀತಿದ್ದ?"

"ಅಕ್ಕಾ ಅಂತ. ನಿಮ್ಗೂ ಗೊತ್ತಲ್ಲ."

"ನಂಗೆ ಕೇಳಿಸಲ್ವಲ್ಲ," ಎಂದರು ಅಪ್ಪ. "ಮಗ್ಗ ಓಡೋ ಹಾಲಲ್ಲಿ ಪಕ್ಕದೋನು ಅರಚಿದ್ರೂ ಕೇಳ್ತಿರ್ಲಿಲ್ಲ ವಿಶೂ. ಇಪ್ಪತ್ತೈದು ವರ್ಷ ನಾವು ತುಟಿ ನೋಡ್ಕೊಂಡೇ ಮಾತಾಡಿದ್ದು. ಇಷ್ಟು ದೂರದಿಂದ ಯಾರು ಏನಂದ್ರೂ ಓದ್ತೀನಿ."

ಕಸಪೊರಕೆ ನನ್ನ ಕೈಯಲ್ಲೇ ಉಳಿಯಿತು. ನಾವು ಎಂಜಿನ್ ಮೇಲೆ ಬಾಗಿ ಪಿಸುಗುಟ್ಟಿದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

"ನೀನು ಆ ಕಡೆ ತಿರುಗಿ ಲೇತ್ ಹತ್ರ ನಿಂತಾಗೆಲ್ಲ," ಅಪ್ಪ ನಿಧಾನವಾಗಿ ಹೇಳಿದರು, "ಅವನು ಸದ್ದಿಲ್ದೆ ತುಟಿ ಅಲ್ಲಾಡಿಸ್ತಿದ್ದ. ವಿಶಾಖಾ. ವಿಶಾಖಾ. ಹುಡುಗ್ರು ಮಗ್ಗಿ ಕಲಿಯೋ ಹಂಗೆ. ನೀನು ಇತ್ಲಾಗೆ ತಿರುಗಿದ್ರೆ ಅಕ್ಕಾ. ನಾನೂ ಅಯ್ಯೋ ಪಾಪ ಅಂತ ನೋಡ್ತಾನೇ ಇದ್ದೆ."

"ಯಾವತ್ತಿಂದ?"

"ಟ್ಯಾಂಕಲ್ಲಿ ಅಕ್ಕಿ ಸಿಕ್ತಲ್ಲ, ಆವತ್ತಿಂದ."

ಅಕ್ಕಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ನಾನು ಗುಡಿಸಿದ ಕಸವನ್ನೇ ಮತ್ತೆ ಗುಡಿಸಿದೆ. ಖುಷಿಯಾದರೆ ನನಗೆ ಕೈಗೆ ಏನಾದರೂ ಕೆಲಸ ಬೇಕು. ಆದರೆ ಆ ಖುಷಿಯ ಒಳಗೆ ಅಮ್ಮನ ಮಾತು ಮುಳ್ಳಿನಂತೆ ಇತ್ತು. ಸದ್ದಿಲ್ಲದೆ ಹೇಳುವವನು ಸದ್ದು ಮಾಡಿ, ಅವರ ಮನೆಯಲ್ಲಿ, ಹೇಳಬಲ್ಲನೇ?

*

ಗಾಡಿ ಹೋದ ಐದನೇ ದಿನ ಸಂಕ್ರಾಂತಿ. ನಮ್ಮ ಮನೆಯಲ್ಲಿ ಅಪ್ಪ ಬುದ್ಧನ ಪಟಕ್ಕೆ ಹೂವಿಡುತ್ತಾರೆ, ಅಮ್ಮ ಎಳ್ಳು ಬೀರುವುದನ್ನೂ ಬಿಡುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುವುದಿಲ್ಲ.

ಹನ್ನೊಂದು ಗಂಟೆಗೆ ಮೇನ್ ರೋಡಿನ ಕಡೆಯಿಂದ ಸದ್ದು ಬಂತು. ನನ್ನ ಕೈಯಲ್ಲಿ ಕಟ್ಟಿದ ಎಂಜಿನ್, ನೂರು ಗಾಡಿ ನಡುವೆಯೂ ಗುರುತು ಸಿಗುತ್ತದೆ. ಗೇಟಿಗೆ ಓಡಿದೆ.

ಬಿಎಸ್‌ಎ ನಮ್ಮ ಬೀದಿಗೆ ತಿರುಗಿತು. ಹಿಂದೆ ಒಬ್ಬ ಮುದುಕಿ, ರೇಷ್ಮೆ ಸೀರೆ, ಹಣೆ ತುಂಬ ಕುಂಕುಮ, ಮಡಿಲಲ್ಲಿ ಸ್ಟೀಲ್ ಡಬ್ಬ, ಒಂದೇ ಪಕ್ಕಕ್ಕೆ ಕಾಲು ಹಾಕಿ ಜಗಲಿಯ ಮೇಲೆ ಕೂತಷ್ಟು ಆರಾಮಾಗಿ ಕೂತಿದ್ದಾಳೆ. ಮಹಾನಂದ ನನ್ನನ್ನು ನೋಡಿದ. ನೋಡಿದ್ದೇ ತಪ್ಪಾಯಿತು. ಅಭ್ಯಾಸಬಲದಿಂದ ಬಲಗಾಲು ಒತ್ತಿದ. ಅಲ್ಲಿರುವುದು ಗೇರು. ಗಾಡಿ ನಿಲ್ಲುವ ಬದಲು ನಮ್ಮ ಮನೆ ದಾಟಿ, ಪಿಳ್ಳಮ್ಮನ ರಂಗೋಲಿ ದಾಟಿ, ನಾಲ್ಕು ಮನೆ ಆಚೆ ಹೋಗಿ ನಿಂತಿತು. ಇಬ್ಬರೂ ಇಳಿದು ಗಾಡಿ ತಳ್ಳಿಕೊಂಡು ವಾಪಸ್ ಬಂದರು. ಇಡೀ ಬೀದಿ ಬಾಗಿಲಿಗೆ ಬಂದಿತ್ತು.

"ಏನ್ಲಾ, ಮನೆ ದಾಟಿಸ್ಬುಟ್ಟೆ," ಎನ್ನುತ್ತಿದ್ದಳು ಮುದುಕಿ. "ನಿಮ್ ತಾತ ಒಂದ್ ದಿನನೂ ಇಂಗೆ ಮಾಡ್ನಿಲ್ಲ."

"ಬ್ರೇಕು ಎಡಗಡೆ ಅಜ್ಜಿ. ಮರ್ತೋಯ್ತು."

"ಮರೀದೆ ಏನಾದದು, ಕಣ್ಣು ಎಲ್ಲೋ ಇದ್ರೆ." ಅವಳು ನನ್ನ ಎದುರು ನಿಂತು ಮೇಲಿಂದ ಕೆಳಗೆ ನೋಡಿದಳು. "ನಾನು ಲಕ್ಕಮ್ಮ, ಇವನ ಅಜ್ಜಿ. ನಿಂಗೆ ಎಷ್ಟು ವರ್ಸ ಮಗ?"

"ಇಪ್ಪತ್ತೊಂಬತ್ತು."

"ಇವನಿಗೆ ಮೂವತ್ತೊಂದು. ಚಿಕ್ಕೋಳನ್ನ ಅಕ್ಕ ಅಂತಾನಲ್ಲ, ಇವನಿಗೆ ಮೂಟೆ ಲೆಕ್ಕ ಹೆಂಗೆ ಬತ್ತದೆ ಅಂತ. ಐದು ತಿಂಗ್ಳಿಂದ ಮನೇಲಿ ಅಕ್ಕ ಅಂಗಂದ್ರು, ಅಕ್ಕ ಇಂಗಂದ್ರು. ಅಕ್ಕನ ಇಸ್ಯ ಹೇಳಕ್ಕೆ ಕಿವಿ ಯಾಕ್ಲಾ ಕೆಂಪಾಯ್ತದೆ ಅಂದೆ. ಮೊನ್ನೆ ಎಲ್ಲಾರ ಮುಂದೆ ಬಾಯಿ ಬಿಟ್ಟ."

ಅಮ್ಮ ನನ್ನ ಹಿಂದೆ ಬಂದು ನಿಂತಿದ್ದಳು. ಲಕ್ಕಮ್ಮ ಡಬ್ಬ ತೆಗೆದು ಅವಳ ಕೈಗೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬು ಕೊಟ್ಟಳು. ಅಮ್ಮ ಒಳಗೆ ಹೋಗಿ ನಮ್ಮದನ್ನು ತಂದಳು. ಲಕ್ಕಮ್ಮ ಅದನ್ನು ಸೆರಗಿಗೆ ಕಟ್ಟಿಕೊಳ್ಳಲಿಲ್ಲ, ಡಬ್ಬಕ್ಕೆ ಹಾಕಲಿಲ್ಲ. ಅಲ್ಲೇ, ಬೀದಿಯವರೆಲ್ಲ ನೋಡುತ್ತಿರುವಾಗ, ಬಾಯಿಗೆ ಹಾಕಿಕೊಂಡಳು.

"ಕೊಬ್ಬರಿ ಚೆನ್ನಾಗಿ ಸಣ್ಣಕ್ಕೆ ಹೆಚ್ಚಿದೀಯ ಕಣವ್ವ," ಎಂದಳು. "ನೀರು ಕೊಡು. ಗಾಳೀಲಿ ಬಂದು ಗಂಟ್ಲು ಒಣಗೋಗದೆ."

ಅಮ್ಮ ಚೊಂಬು ತಂದಳು. ಲಕ್ಕಮ್ಮ ಕೆಳಗಿಡದೆ ಪೂರ್ತಿ ಕುಡಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನಾನು ನೋಡಿಲ್ಲ ಎಂದೇ ಅವಳು ಅಂದುಕೊಂಡಿದ್ದಾಳೆ.

"ನಮ್ ಯಜಮಾನ್ರನ್ನೂ ಕೇಳ್ದೆ," ಎಂದಳು ಲಕ್ಕಮ್ಮ, ಒಳಗೆ ಬಂದು ಕೂರುತ್ತ. "ಮೂಟೇಲಿದ್ದ ಎಂಜಿನ್ ಜೋಡ್ಸಿದೋಳು ಮನೆ ಜೋಡ್ಸಾಕಿಲ್ವಾ ಅಂದ್ರು. ಇನ್ನು ಆ ಹುಡ್ಗಿ ಏನಂತಾಳೋ, ಅದು ಅವಳಿಗೆ ಬಿಟ್ಟಿದ್ದು. ಓಗ್ಲಾ, ನಿನ್ ಬೋಲ್ಟ್ ಬಿಗಿ ಮಾಡಿಸ್ಕೋ."

*

ಶೆಡ್ಡಿಗೆ ಬಂದೆವು. ಶಟರ್ ಪೂರ್ತಿ ತೆಗೆದಿತ್ತು.

"ಎಷ್ಟಾಯ್ತು?" ಎಂದು ಕೇಳಿದೆ.

"ಇನ್ನೂರ ಹದಿನೆಂಟು."

"ಐದು ದಿನದಲ್ಲಾ? ಈ ಟ್ರಾಫಿಕ್ಕಲ್ಲಾ?"

"ಬೆಳಿಗ್ಗೆ ಆರಕ್ಕೆ ಎದ್ದು ಬಸವನಗುಡಿ ಸುತ್ತು, ಮಲ್ಲೇಶ್ವರ ಸುತ್ತು. ಮಂಡಿ ಮುಚ್ಚಿದ್ಮೇಲೆ ಇನ್ನೊಂದು ಸುತ್ತು. ಗಾಂಧಿಬಜಾರ್ ಹೂವಿನೋರೆಲ್ಲ ಕೈ ಎತ್ತಿ ಮಾತಾಡಿಸ್ತಾರೆ ಈಗ."

ಬಿಸಿ ಎಂಜಿನ್ನಿನ ಬೋಲ್ಟ್ ಮುಟ್ಟುವ ಹಾಗಿಲ್ಲ. ಆರಲು ಹೊತ್ತು ಬೇಕು. ಇಬ್ಬರೂ ಗಾಡಿಯ ಎರಡು ಕಡೆ ನಿಂತೆವು. ದಾರಿಯಲ್ಲಿ ಚೈನ್ ಕಳಚಿತ್ತಂತೆ, ಅವನ ಕೈಯೆಲ್ಲ ಗ್ರೀಸ್.

"ಮೊದಲ್ನೇ ದಿನ ಒಂದು ತಪ್ಪು ಮಾತಾಡ್ದೆ," ಎಂದ. ಕಿವಿ ಆಗಲೇ ಕೆಂಪಾಗಿತ್ತು, ಆದರೆ ಈ ಸಲ ಕಣ್ಣು ಎಲ್ಲಿಗೂ ಓಡಲಿಲ್ಲ. "ಆಮೇಲೆ ಅದನ್ನ ಬಿಟ್ರೆ ನೀವು ಬರಬೇಡ ಅಂತೀರೇನೋ ಅಂತ ಭಯ ಆಗಿ ಹಿಡ್ಕೊಂಡೇ ಇದ್ದೆ. ಇವತ್ತು ವಾಪಸ್ ತಗೋತೀನಿ."

"ತಗೊಂಡು ಬದಲಿಗೆ ಏನ್ ಕೊಡ್ತೀಯ?"

"ವಿಶಾಖಾ," ಎಂದ. ಸದ್ದು ಮಾಡಿ. ಗಟ್ಟಿಯಾಗಿ. ಎದುರು ಮನೆಯ ಕಿಟಕಿಗೂ ಕೇಳುವ ಹಾಗೆ.

ನನ್ನ ಹೆಸರು ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಏನಾದರೂ ಚುರುಕಾಗಿ ಹೇಳಬೇಕು ಎಂದು ಹುಡುಕಿದೆ, ನಾಲಿಗೆ ಕೈಕೊಟ್ಟಿತು.

ನಾನು ಸುಮ್ಮನಿರುವುದನ್ನು ನೋಡಿ ಅವನಿಗೆ ಗಾಬರಿಯಾಗಿರಬೇಕು. "ಅಜ್ಜಿ ಏನಂದ್ಲು ಗೊತ್ತಾ," ಎಂದು ತಡವರಿಸಿದ. "ನಮ್ಮ ಕಡೆ ಅಕ್ಕ ಅಂದ್ರೆ ಅವಳ ಮಗಳನ್ನ ಮದ್ವೆ ಆಗ್ಬಹುದು, ಅಕ್ಕನ್ನ ಆಗಕ್ಕಾಗಲ್ಲ. ಅವಳಿಗೆ ಮಗಳು ಹುಟ್ಟಿ ದೊಡ್ಡೋಳಾಗೋವರ್ಗೂ ಕಾಯ್ತೀಯೇನ್ಲಾ ಅಂದ್ಲು. ಅಷ್ಟು ತಾಳ್ಮೆ ನಂಗಿಲ್ಲ."

ಆಗ ನನಗೆ ಮಾತು ಸಿಕ್ಕಿತು.

"ನೋಡು ನಂದ," ಎಂದೆ. "ನಂಗೆ ಮುಂದೆ ಮಗಳು ಹುಟ್ಟಿದ್ರೆ, ಅವಳು ನಿನ್ನ ಮಾವ ಅನ್ಬಾರ್ದು. ಅದು ನಂಗೆ ಒಪ್ಪಿಗೆ ಇಲ್ಲ."

ಸಾವಿರ ಮೂಟೆಯ ಲೆಕ್ಕವನ್ನು ಬಾಯಲ್ಲೇ ಮುಗಿಸುವವನಿಗೆ ಈ ಲೆಕ್ಕಕ್ಕೆ ಅರ್ಧ ನಿಮಿಷ ಹಿಡಿಯಿತು. ಹುಬ್ಬು ಗಂಟಿಕ್ಕಿತು, ಗ್ರೀಸಿನ ಬೆರಳುಗಳು ಏನನ್ನೋ ಎಣಿಸಿದವು. ಆಮೇಲೆ ಮುಖ ಮೆಲ್ಲಗೆ ಅರಳಿತು, ಕಿವಿಯಿಂದ ಶುರುವಾಗಿ.

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಎನ್ನುತ್ತಾರೆ. ಅಮ್ಮ ಕೊಟ್ಟ ಪೊಟ್ಟಣ ನನ್ನ ಕೈಯಲ್ಲಿತ್ತು. ಅವನ ಕೈ ಗ್ರೀಸಾಗಿತ್ತಲ್ಲ, ಹಾಗಾಗಿ ಗಾಡಿಯ ಮೇಲಿಂದ ಬಾಗಿ ನಾನೇ ಅವನ ಬಾಯಿಗೆ ಹಾಕಿದೆ.

"ಈಗ ಹೇಳು," ಎಂದೆ. "ಏನನ್ಬೇಕು ಅವಳು ನಿನ್ನ?"

"ಅಪ್ಪಾ ಅನ್ಬೇಕು," ಎಂದ, ಬಾಯಿ ತುಂಬ ಎಳ್ಳು ಬೆಲ್ಲ ಇಟ್ಟುಕೊಂಡೇ.